ದಿವಾನ್ ಪೂರ್ಣಯ್ಯ

ಪೂರ್ಣಯ್ಯ (1746–1812) ಮೈಸೂರು ಸಂಸ್ಥಾನದ ಆಡಳಿತಗಾರರು ಮತ್ತು ದಿವಾನರು. ಹೈದರ್ ಅಲಿ, ಟಿಪ್ಪು ಸುಲ್ತಾನ ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರ್ ಈ ಮೂವರ ಆಳ್ವಿಕೆಯಲ್ಲಿಯೂ ಉನ್ನತ ಅಧಿಕಾರದಲ್ಲಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಬಾಲಕ ಕೃಷ್ಣರಾಜರ ಪರವಾಗಿ ಸುಮಾರು 12 ವರ್ಷ ಸಂಸ್ಥಾನದ ಆಡಳಿತ ನಡೆಸಿದರು. ಶ್ರೀರಂಗಪಟ್ಟಣದಲ್ಲಿ ಕಾವೇರಿ ನದಿಯ ಉತ್ತರ ಕವಲಿಗೆ ಅಡ್ಡಲಾಗಿ 1804ರಲ್ಲಿ ಪೂರ್ಣಗೊಂಡ ಕಲ್ಲಿನ ವೆಲ್ಲೆಸ್ಲಿ ಸೇತುವೆ ಇವರ ಕಾಲದ ಪ್ರಮುಖ ನಿರ್ಮಾಣ. ಕೊಡಗು, ಪಿರಿಯಾಪಟ್ಟಣ ಮತ್ತು ಎಡತೊರೆ (ಇಂದಿನ ಕೃಷ್ಣರಾಜನಗರ) ಸೀಮೆಗಳನ್ನು ಹಾದು ಬರುವ ನದಿಯ ಪ್ರವಾಹವನ್ನು ಎರಡು ಶತಮಾನಗಳಿಗೂ ಹೆಚ್ಚು ಕಾಲ ಎದುರಿಸಿ ಈ ಸೇತುವೆ ಉಳಿದಿದೆ.

ಜನನ ಮತ್ತು ಆರಂಭಿಕ ಜೀವನ

ಪೂರ್ಣಯ್ಯನವರು ಇಂದಿನ ತಮಿಳುನಾಡಿನ ಕುಳಿತಲೈ ಸಮೀಪದ ತಿರುಕಂಬೂರಿನಲ್ಲಿ ಮಾಧ್ವ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಕೃಷ್ಣಾಚಾರ್ಯ, ತಾಯಿ ಲಕ್ಷ್ಮೀಬಾಯಿ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡದ್ದರಿಂದ ಕುಟುಂಬದ ಪೋಷಣೆಗಾಗಿ ಎಳೆಯ ವಯಸ್ಸಿನಲ್ಲೇ ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಆ ವರ್ತಕರಿಗೆ ಶ್ರೀರಂಗಪಟ್ಟಣದ ಅರಮನೆಗೆ ಮತ್ತು ಸೈನ್ಯಕ್ಕೆ ಸಾಮಗ್ರಿ ಒದಗಿಸುತ್ತಿದ್ದ ಶೆಟ್ಟರೊಡನೆ ವ್ಯವಹಾರವಿತ್ತು. ಈ ಸಂಪರ್ಕವೇ ಪೂರ್ಣಯ್ಯನವರನ್ನು ಮೈಸೂರಿನ ರಾಜಧಾನಿಗೆ ತಂದಿತು.

ಲೆಕ್ಕಪತ್ರಗಳಲ್ಲಿ ಅವರಿಗಿದ್ದ ಚುರುಕು, ಅಂಕಿ ಅಂಶಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಶಕ್ತಿ ಮತ್ತು ಸುಂದರವಾದ ಬರವಣಿಗೆ ಹೈದರ್ ಅಲಿಯ ಗಮನ ಸೆಳೆದವು. ಸಂಸ್ಕೃತ, ಕನ್ನಡ, ಮರಾಠಿ ಮತ್ತು ಪಾರಸಿ ಭಾಷೆಗಳನ್ನು ಅವರು ಬಲ್ಲವರಾಗಿದ್ದರು. ಅಂದಿನ ಮೈಸೂರಿನಲ್ಲಿ ಲೆಕ್ಕಪತ್ರಗಳು ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ನಡೆಯುತ್ತಿದ್ದುದರಿಂದ ಈ ಬಹುಭಾಷಾ ಜ್ಞಾನ ಅವರ ಏಳಿಗೆಗೆ ನೆರವಾಯಿತು.

ಹೈದರ್ ಅಲಿಯ ಸೇವೆಯಲ್ಲಿ

ಹೈದರ್ ಅಲಿಗೆ ಓದು ಬರಹ ತಿಳಿದಿರಲಿಲ್ಲ. ಆದುದರಿಂದ ನಂಬಿಕಸ್ಥ ಲೆಕ್ಕಿಗರ ಮೇಲೆ ಅವನ ಆಡಳಿತ ಬಹಳವಾಗಿ ಅವಲಂಬಿಸಿತ್ತು. ಪೂರ್ಣಯ್ಯನವರು ಹಣಕಾಸು ವಿಭಾಗದಲ್ಲಿ ಹಂತ ಹಂತವಾಗಿ ಮೇಲೇರಿ, ಕೃಷ್ಣರಾವ್ ಎಂಬ ಮತ್ತೊಬ್ಬ ಅಧಿಕಾರಿಯೊಡನೆ ಖಜಾನೆಯ ಹೊಣೆ ಹೊತ್ತರು. ಸೈನ್ಯದ ಸಂಗಡ ಪ್ರಯಾಣ ಮಾಡಿ ಸಂಬಳ, ಧಾನ್ಯ ಮತ್ತು ಸಾಗಣೆಯ ಎತ್ತುಗಳ ವ್ಯವಸ್ಥೆ ನೋಡಿಕೊಳ್ಳುವುದು ಈ ಕೆಲಸದ ಭಾಗವಾಗಿತ್ತು. ಮುಂದೆ ದಿವಾನರಾದಾಗ ಅವರಿಗೆ ಒದಗಿದ ಅನುಭವದ ಮೂಲ ಇಲ್ಲಿದೆ.

ಎರಡನೆಯ ಮೈಸೂರು ಯುದ್ಧ ನಡೆಯುತ್ತಿದ್ದಾಗ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರ್ ಅಲಿ ಮರಣ ಹೊಂದಿದನು. ಆಗ ಟಿಪ್ಪು ಮಲಬಾರಿನಲ್ಲಿದ್ದನು. ಸುದ್ದಿ ಹೊರಬಿದ್ದರೆ ಸೈನ್ಯ ಚದುರುವ ಮತ್ತು ಉತ್ತರಾಧಿಕಾರಕ್ಕೆ ಕಲಹ ಹುಟ್ಟುವ ಅಪಾಯವಿತ್ತು. ಪೂರ್ಣಯ್ಯ ಮತ್ತು ಕೃಷ್ಣರಾವ್ ಮರಣವನ್ನು ಗುಟ್ಟಾಗಿಟ್ಟು, ಶವವನ್ನು ಪೆಟ್ಟಿಗೆಯಲ್ಲಿರಿಸಿ ಬೆಲೆಬಾಳುವ ಸರಕನ್ನು ಸಾಗಿಸುವಂತೆ ಪಾಳೆಯದಿಂದ ಕಳುಹಿಸಿದರು. ಟಿಪ್ಪುವಿಗೆ ರಹಸ್ಯವಾಗಿ ಸುದ್ದಿ ಮುಟ್ಟಿಸಿ, ಅವನು ಬಂದು ಸೇರುವವರೆಗೆ ದೈನಂದಿನ ವ್ಯವಹಾರಗಳನ್ನು ಎಂದಿನಂತೆ ನಡೆಸಿದರು. ಈ ನಡುವೆ ತಲೆಯೆತ್ತಿದ ಒಂದು ಒಳಸಂಚನ್ನೂ ಅಡಗಿಸಲಾಯಿತು. ಟಿಪ್ಪು ನಿರಾತಂಕವಾಗಿ ಅಧಿಕಾರ ವಹಿಸಿಕೊಳ್ಳಲು ಇದು ಕಾರಣವಾಯಿತು.

ಟಿಪ್ಪು ಸುಲ್ತಾನನ ಕಾಲ

ಟಿಪ್ಪುವಿನ ಆಳ್ವಿಕೆಯಲ್ಲಿಯೂ ಪೂರ್ಣಯ್ಯನವರು ಕಂದಾಯ ಮತ್ತು ಹಣಕಾಸಿನ ಮುಖ್ಯ ಅಧಿಕಾರಿಗಳಲ್ಲಿ ಒಬ್ಬರಾಗಿ ಮುಂದುವರಿದರು. ಮೂರನೆಯ ಮೈಸೂರು ಯುದ್ಧದ ಕೊನೆಯಲ್ಲಿ, 1792ರ ಒಪ್ಪಂದದಂತೆ ಟಿಪ್ಪು ತನ್ನ ರಾಜ್ಯದ ಅರ್ಧದಷ್ಟು ಭಾಗವನ್ನು ಬಿಟ್ಟುಕೊಟ್ಟು 3 ಕೋಟಿ 30 ಲಕ್ಷ ರೂಪಾಯಿಗಳನ್ನು ತೆರಬೇಕಾಯಿತು. ಕುಗ್ಗಿದ ರಾಜ್ಯದ ಬೊಕ್ಕಸಕ್ಕೆ ಅದು ದೊಡ್ಡ ಹೊರೆಯಾಯಿತು.

ನಾಲ್ಕನೆಯ ಯುದ್ಧ 1799ರಲ್ಲಿ ಆರಂಭವಾದಾಗ ಇಂಗ್ಲಿಷರ ಎರಡು ಸೈನ್ಯಗಳು ಎರಡು ದಿಕ್ಕುಗಳಿಂದ ಬಂದವು. ಜನರಲ್ ಹ್ಯಾರಿಸ್‌ನ ಮುಖ್ಯ ಸೈನ್ಯ ಪೂರ್ವದಿಂದಲೂ, ಜನರಲ್ ಸ್ಟೂವರ್ಟ್‌ನ ಮುಂಬಯಿ ಸೈನ್ಯ ಕೊಡಗಿನ ಮೂಲಕ ಪಶ್ಚಿಮದಿಂದಲೂ ಮುಂದುವರಿದವು. ಟಿಪ್ಪು ಸ್ವತಃ ಪಿರಿಯಾಪಟ್ಟಣಕ್ಕೆ ಧಾವಿಸಿ, ಮಾರ್ಚ್ 6ರಂದು ಸಮೀಪದ ಸಿದ್ದೇಶ್ವರ ಬೆಟ್ಟದ ಬಳಿ ಮುಂಬಯಿ ಸೈನ್ಯದ ಮುಂದಾಳು ಪಡೆಯ ಮೇಲೆ ಬಿದ್ದನು. ಆ ದಾಳಿ ಸಫಲವಾಗಲಿಲ್ಲ. ಆ ಸಮಯದಲ್ಲಿ ಹ್ಯಾರಿಸ್‌ನ ಸೈನ್ಯದ ಚಲನೆಯನ್ನು ಗಮನಿಸಿ ತಡೆಯುವ ಹೊಣೆ ಪೂರ್ಣಯ್ಯ ಮತ್ತು ಸಯ್ಯದ್ ಸಾಹೇಬ್ ಅವರ ಮೇಲಿತ್ತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದು ಟಿಪ್ಪು ಯುದ್ಧದಲ್ಲಿ ಮಡಿದನು.

ದಿವಾನ್ ಪದವಿ

ಕೋಟೆ ಬಿದ್ದ ಕೆಲವು ದಿನಗಳ ಬಳಿಕ ಪೂರ್ಣಯ್ಯನವರು ಇಂಗ್ಲಿಷರಿಗೆ ಶರಣಾದರು. ಟಿಪ್ಪುವಿನ ಹಿರಿಯ ಮಗ ಫತೇಹ್ ಹೈದರನನ್ನು ಪಟ್ಟಕ್ಕೆ ತರಬೇಕೆಂಬ ಸಲಹೆಯನ್ನು ಅವರು ಮೊದಲು ಮುಂದಿಟ್ಟರು. ಸೈನ್ಯ ಮತ್ತು ಆಡಳಿತದ ಬಹುಪಾಲು ಅಧಿಕಾರಿಗಳು ಹಳೆಯ ಮನೆತನಕ್ಕೆ ಹೊಂದಿಕೊಂಡವರು ಎಂಬುದು ಇದರ ಹಿಂದಿನ ಕಾರಣವಾಗಿತ್ತು. ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ ಇದಕ್ಕೆ ಒಪ್ಪಲಿಲ್ಲ. ರಾಜ್ಯದ ಭಾಗಗಳನ್ನು ಕಂಪನಿ ಮತ್ತು ನಿಜಾಮರು ಹಂಚಿಕೊಂಡ ಮೇಲೆ ಉಳಿದ ಪ್ರದೇಶವನ್ನು ಒಡೆಯರ್ ಮನೆತನಕ್ಕೆ ಮರಳಿಸಲು ತೀರ್ಮಾನವಾಯಿತು. 1799ರ ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಾಭಿಷೇಕ ನಡೆಯಿತು. ಹಳೆಯ ಅರಮನೆ ಟಿಪ್ಪುವಿನ ಕಾಲದಲ್ಲಿಯೇ ಕೆಡವಲ್ಪಟ್ಟಿದ್ದರಿಂದ ಸಮಾರಂಭ ಚಪ್ಪರದ ಅಡಿಯಲ್ಲಿ ನೆರವೇರಿತು. ಪೂರ್ಣಯ್ಯನವರು ದಿವಾನರಾಗಿಯೂ ಕರ್ನಲ್ ಬ್ಯಾರಿ ಕ್ಲೋಸ್ ಮೊದಲ ರೆಸಿಡೆಂಟ್ ಆಗಿಯೂ ನೇಮಕಗೊಂಡರು. ರಾಜಮಾತೆ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಬಾಲರಾಜರ ಪಾಲಕರಾಗಿದ್ದರು.

ಹೊಸ ರಾಜ್ಯದ ಸ್ಥಿತಿ ಸುಲಭವಾಗಿರಲಿಲ್ಲ. ಕಂಪನಿಗೆ ಪ್ರತಿವರ್ಷ 7 ಲಕ್ಷ ಸ್ಟಾರ್ ಪಗೋಡಗಳ (ಸುಮಾರು 24.5 ಲಕ್ಷ ರೂಪಾಯಿ) ಪೊಗದಿ ಸಲ್ಲಬೇಕಾಗಿತ್ತು. ಕೆಲಸ ಕಳೆದುಕೊಂಡ ಸಾವಿರಾರು ಸೈನಿಕರು ಊರೂರು ಅಲೆಯುತ್ತಿದ್ದರು. ಉತ್ತರದಲ್ಲಿ ಧೋಂಡಿಯ ವಾಘ್ ಬಂಡೆದ್ದನು, ಬಲಂ ಸೀಮೆಯಲ್ಲಿ (ಮಂಜರಾಬಾದ್) ಪಾಳೆಯಗಾರ ವೆಂಕಟಾದ್ರಿ ನಾಯಕ ತಿರುಗಿಬಿದ್ದನು. ಧೋಂಡಿಯನು 1800ರ ಸೆಪ್ಟೆಂಬರಿನಲ್ಲಿ ಕಾಳಗದಲ್ಲಿ ಮಡಿದನು. ವೆಂಕಟಾದ್ರಿ ನಾಯಕನನ್ನು 1802ರ ಫೆಬ್ರವರಿಯಲ್ಲಿ ಹಿಡಿದು ಗಲ್ಲಿಗೇರಿಸಲಾಯಿತು. ಈ ಎರಡೂ ಕಾರ್ಯಾಚರಣೆಗಳನ್ನು ನಡೆಸಿದ ಸೇನಾನಿ ಗವರ್ನರ್ ಜನರಲ್‌ನ ತಮ್ಮ ಆರ್ಥರ್ ವೆಲ್ಲೆಸ್ಲಿ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಯೂರೋಪಿನಲ್ಲಿ ಪ್ರಸಿದ್ಧನಾದವನು ಇವನೇ. ಅವನ ಸೈನ್ಯಕ್ಕೆ ಬೇಕಾದ ಅಕ್ಕಿ, ಎತ್ತು ಮತ್ತು ಕುದುರೆ ಸವಾರರನ್ನು ಒದಗಿಸಿದವರು ಪೂರ್ಣಯ್ಯನವರು. ಬಲಂ ಸೀಮೆಯಲ್ಲಿ ಕಾಡು ಕಡಿಸಿ ದಾರಿ ತೆರೆಸುವ ಕೆಲಸವೂ ಈ ಅವಧಿಯಲ್ಲಿ ನಡೆಯಿತು.

ದೇಶದ ಒಳಗೆ ಸೈನ್ಯ, ಧಾನ್ಯ ಮತ್ತು ಅಂಚೆ ತಡೆಯಿಲ್ಲದೆ ಓಡಾಡಬೇಕೆಂಬ ಅಗತ್ಯ ಈ ಅನುಭವಗಳಿಂದ ಸ್ಪಷ್ಟವಾಯಿತು. ರಸ್ತೆ ಮತ್ತು ಸೇತುವೆಗಳಿಗೆ ಪೂರ್ಣಯ್ಯನವರು ನೀಡಿದ ಆದ್ಯತೆಯನ್ನು ಈ ಹಿನ್ನೆಲೆಯಲ್ಲಿ ಕಾಣಬೇಕು.

ವೆಲ್ಲೆಸ್ಲಿ ಸೇತುವೆ

ಹಿನ್ನೆಲೆ

ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ ಕೊಡಗನ್ನು ದಾಟಿ ಪಿರಿಯಾಪಟ್ಟಣದ ಗಡಿಯಲ್ಲಿ ಬಯಲು ಸೀಮೆಗೆ ಇಳಿಯುತ್ತದೆ. ಚುಂಚನಕಟ್ಟೆಯಲ್ಲಿ ಧುಮುಕಿ, ಎಡತೊರೆಯನ್ನು ಬಳಸಿ ಹರಿದು, ಹೇಮಾವತಿ ಮತ್ತು ಹುಣಸೂರಿನ ಕಡೆಯಿಂದ ಬರುವ ಲಕ್ಷ್ಮಣತೀರ್ಥವನ್ನು ಕೂಡಿಸಿಕೊಂಡು ಶ್ರೀರಂಗಪಟ್ಟಣವನ್ನು ತಲುಪುತ್ತದೆ. ಅಲ್ಲಿ ನದಿ ಎರಡು ಕವಲಾಗಿ ಒಡೆದು ದ್ವೀಪವನ್ನು ಸುತ್ತುವರಿದು ಮತ್ತೆ ಒಂದಾಗುತ್ತದೆ. ಮೈಸೂರಿನಿಂದ ಬೆಂಗಳೂರಿಗೆ ಹೋಗುವವರು ಈ ಎರಡೂ ಕವಲುಗಳನ್ನು ದಾಟಲೇಬೇಕು.

ಬೇಸಗೆಯಲ್ಲಿ ಬಂಡೆಗಳ ನಡುವೆ ಕಾಲ್ನಡಿಗೆಯಲ್ಲಿ ದಾಟಬಹುದಾದ ನದಿ, ಕೊಡಗಿನಲ್ಲಿ ಮುಂಗಾರು ಹಿಡಿದ ಕೂಡಲೇ ಉಕ್ಕಿ ತಿಂಗಳುಗಟ್ಟಲೆ ದಾಟಲಾಗದಂತಾಗುತ್ತಿತ್ತು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಹರಿಗೋಲುಗಳೇ ಆಗಿನ ಸಾಧನ. ಸರಕು ತುಂಬಿದ ಬಂಡಿಗಳು ಮತ್ತು ಫಿರಂಗಿಗಳನ್ನು ಈ ರೀತಿ ದಾಟಿಸುವುದು ಅಪಾಯಕಾರಿಯೂ ನಿಧಾನವೂ ಆಗಿತ್ತು. ಶ್ರೀರಂಗಪಟ್ಟಣದ ಈ ಸಹಜ ರಕ್ಷಣೆಯನ್ನು ನಂಬಿಯೇ ಹಿಂದಿನ ಅರಸರು ದ್ವೀಪದಲ್ಲಿ ಕೋಟೆ ಕಟ್ಟಿದ್ದರು. 1799ರಲ್ಲಿ ಇಂಗ್ಲಿಷರು ಮುಂಗಾರಿಗೆ ಮುನ್ನವೇ ಕೋಟೆಯನ್ನು ಹಿಡಿಯಲು ಆತುರಪಟ್ಟದ್ದೂ ಇದೇ ಕಾರಣಕ್ಕೆ. ಯುದ್ಧದ ನಂತರ ರಾಜಧಾನಿ ಮೈಸೂರಿಗೆ ಸ್ಥಳಾಂತರಗೊಂಡಿತು. ದ್ವೀಪ ಕಂಪನಿಯ ಸ್ವತ್ತಾಗಿ ಅಲ್ಲಿ ಇಂಗ್ಲಿಷ್ ದಂಡು ನೆಲೆಸಿತು. ಹಿಂದೆ ರಕ್ಷಣೆಯಾಗಿದ್ದ ನದಿ ಈಗ ರಾಜಧಾನಿ ಮತ್ತು ಉಳಿದ ರಾಜ್ಯದ ನಡುವಿನ ತಡೆಯಾಗಿ ಪರಿಣಮಿಸಿತು.

ನಿರ್ಮಾಣ

ಉತ್ತರ ಕವಲಿನ ಸೇತುವೆಯ ಕೆಲಸ 1802ರಿಂದ 1804ರವರೆಗೆ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ ನಡೆಯಿತು. ಗವರ್ನರ್ ಜನರಲ್ ಮಾರ್ಕ್ವಿಸ್ ವೆಲ್ಲೆಸ್ಲಿಯ ಗೌರವಾರ್ಥವಾಗಿ ಅದಕ್ಕೆ ಹೆಸರಿಡಲಾಯಿತು. ಶ್ರೀರಂಗಪಟ್ಟಣದಲ್ಲಿ ಹೆಚ್ಚು ಪರಿಚಿತನಾಗಿದ್ದವನು ತಮ್ಮ ಆರ್ಥರ್ ಆದುದರಿಂದ ಸೇತುವೆ ಅವನ ಹೆಸರಿನದೆಂದು ತಪ್ಪಾಗಿ ತಿಳಿಯುವುದುಂಟು.

ಸೇತುವೆ ಸಂಪೂರ್ಣವಾಗಿ ಕಲ್ಲಿನದು ಮತ್ತು ಅದರಲ್ಲಿ ಕಮಾನುಗಳಿಲ್ಲ. ನದಿಯ ತಳದಲ್ಲಿ ಕಲ್ಲಿನ ಕಂಬಗಳ ಸಾಲುಗಳನ್ನು ನಿಲ್ಲಿಸಿ, ಅವುಗಳ ತಲೆಯ ಮೇಲೆ ಬೋದಿಗೆಗಳನ್ನಿಟ್ಟು, ಬೋದಿಗೆಗಳ ಮೇಲೆ ಉದ್ದನೆಯ ಕಲ್ಲಿನ ತೊಲೆಗಳನ್ನು ಹೊರಿಸಲಾಗಿದೆ. ರಸ್ತೆ ಈ ತೊಲೆಗಳ ಮೇಲೆ ಸಾಗುತ್ತದೆ. ದೇವಾಲಯಗಳ ಮಂಟಪಗಳನ್ನು ಕಟ್ಟುವ ಕ್ರಮವೂ ಇದೇ. ಸ್ಥಳೀಯ ಕಲ್ಲುಕುಟಿಗರಿಗೆ ಶತಮಾನಗಳಿಂದ ತಿಳಿದಿದ್ದ ಕುಶಲತೆಯನ್ನು ಇಲ್ಲಿ ನದಿಗೆ ಅನ್ವಯಿಸಲಾಯಿತು.

ಈ ಕ್ರಮಕ್ಕೆ ತನ್ನದೇ ಆದ ಮಿತಿ ಮತ್ತು ಅನುಕೂಲಗಳಿವೆ. ಕಲ್ಲು ಅದುಮುವ ಭಾರವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬಾಗಿಸುವ ಭಾರಕ್ಕೆ ಬಿರುಕು ಬಿಡುತ್ತದೆ. ಆದ್ದರಿಂದ ಕಲ್ಲಿನ ತೊಲೆಯನ್ನು ಹೆಚ್ಚು ದೂರಕ್ಕೆ ಚಾಚಲಾಗದು, ಕಂಬಗಳು ಹತ್ತಿರ ಹತ್ತಿರ ಇರಬೇಕಾಗುತ್ತದೆ. ಕಂಬದ ಎರಡು ಪಕ್ಕಕ್ಕೂ ಚಾಚಿಕೊಳ್ಳುವ ಬೋದಿಗೆ, ತೊಲೆಯ ಕೆಳಗಿನ ತೆರಪನ್ನು ಕಡಿಮೆ ಮಾಡಿ ಅದರ ಬಲವನ್ನು ಹೆಚ್ಚಿಸುತ್ತದೆ. ಕಂಬಗಳು ಹೆಚ್ಚಾದಷ್ಟೂ ನೀರಿನ ಹರಿವಿಗೆ ಅಡ್ಡಿ ಹೆಚ್ಚು. ಆದರೆ ಶ್ರೀರಂಗಪಟ್ಟಣದ ಬಳಿ ಕಾವೇರಿಯ ತಳ ಬಂಡೆಯಿಂದ ಕೂಡಿದುದರಿಂದ ಮರಳಿನ ನದಿಗಳಲ್ಲಿರುವಂತೆ ಅಡಿಪಾಯ ಕೊರೆದುಹೋಗುವ ಭಯ ಕಡಿಮೆ. ಸೇತುವೆ ಎತ್ತರವಾಗಿಲ್ಲದಿದ್ದರಿಂದ ಮಹಾಪ್ರವಾಹ ಬಂದಾಗ ನೀರು ಅದರ ಮೇಲೆಯೇ ಹರಿದು ಹೋಗಬಲ್ಲುದು. ಭಾರವಾದ ತೊಲೆಗಳು ತಮ್ಮ ತೂಕದಿಂದಲೇ ಸ್ಥಾನದಲ್ಲಿ ಉಳಿಯುತ್ತವೆ.

ಸೇತುವೆ ಸಿದ್ಧವಾದ ಮೇಲೆ ಮಳೆಗಾಲದಲ್ಲಿಯೂ ಮೈಸೂರು ಮತ್ತು ಬೆಂಗಳೂರುಗಳ ನಡುವೆ ಬಂಡಿಗಳು ಓಡಾಡುವಂತಾಯಿತು. ಪಿರಿಯಾಪಟ್ಟಣ ಮತ್ತು ಹುಣಸೂರಿನ ಕಡೆಯಿಂದ ಮೈಸೂರಿಗೆ ಬರುವ ಕೊಡಗಿನ ದಾರಿಗೂ ಪೂರ್ವದ ದೊಡ್ಡ ಪೇಟೆಗಳ ಸಂಪರ್ಕ ಇದರಿಂದ ಸುಗಮವಾಯಿತು.

ನಂತರದ ಇತಿಹಾಸ

ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಲಸ 1911ರಲ್ಲಿ ಆರಂಭವಾಗುವವರೆಗೂ ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಹವನ್ನು ತಡೆದು ನಿಲ್ಲಿಸುವ ದೊಡ್ಡ ಜಲಾಶಯ ಇರಲಿಲ್ಲ. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಾವೇರಿಯ ಪೂರ್ಣ ರಭಸವನ್ನು ಸೇತುವೆ ತಡೆದುಕೊಂಡಿತು. ಅಣೆಕಟ್ಟೆ ನಿರ್ಮಾಣದ ಹಂತದಲ್ಲಿದ್ದಾಗ ಬಂದ 1924ರ ಮಹಾಪ್ರವಾಹವನ್ನೂ ಅದು ಉಳಿದು ದಾಟಿತು. ಎತ್ತಿನ ಬಂಡಿಗಳಿಗಾಗಿ ಕಟ್ಟಿದ ಸೇತುವೆ ಮುಂದೆ ಮೋಟಾರು ವಾಹನಗಳ ಭಾರವನ್ನೂ ಹೊತ್ತಿತು. ಹೆದ್ದಾರಿಗೆ ಹೊಸ ಸೇತುವೆ ಬಂದ ಬಳಿಕ ಇದರ ಮೇಲಿನ ಸಂಚಾರ ಕಡಿಮೆಯಾಗಿದೆ. ಕೃಷ್ಣರಾಜಸಾಗರದಿಂದ ಹೆಚ್ಚಿನ ನೀರು ಬಿಟ್ಟಾಗ ಸೇತುವೆಯ ಮಟ್ಟಕ್ಕೆ ನೀರು ಏರುವುದರಿಂದ ಅದರ ಮೇಲಿನ ಓಡಾಟವನ್ನು ನಿಲ್ಲಿಸಲಾಗುತ್ತದೆ.

ಶಿವನಸಮುದ್ರದಲ್ಲಿ ಇದೇ ಮಾದರಿಯ ಎರಡು ಕಲ್ಲಿನ ಸೇತುವೆಗಳಿವೆ. ಅವುಗಳನ್ನು ನಂತರದ ದಶಕಗಳಲ್ಲಿ ರಾಮಸ್ವಾಮಿ ಮೊದಲಿಯಾರ್ ಕಟ್ಟಿಸಿದರು. ಅವುಗಳಲ್ಲಿ ಒಂದಕ್ಕೆ ವೆಸ್ಲಿ ಸೇತುವೆ ಎಂಬ ಹೆಸರಿದ್ದು, ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯೊಂದಿಗೆ ಆಗಾಗ ಗೊಂದಲ ಉಂಟಾಗುತ್ತದೆ. 2018ರ ಪ್ರವಾಹದಲ್ಲಿ ಹಾನಿಗೊಳಗಾದದ್ದು ಶಿವನಸಮುದ್ರದ ಸೇತುವೆ.

ಇತರ ಸಾರ್ವಜನಿಕ ಕಾಮಗಾರಿಗಳು

ಬೆಂಗಳೂರು ಮತ್ತು ಮೈಸೂರಿನ ನಡುವಿನ ಹೆದ್ದಾರಿ ಹಾದುಹೋಗುತ್ತಿದ್ದ ಕಾಡುಪ್ರದೇಶವನ್ನು ಸುರಕ್ಷಿತಗೊಳಿಸಲು 1800ರಲ್ಲಿ ಪೂರ್ಣಯ್ಯನವರು ಒಂದು ಪೇಟೆಯನ್ನು ಸ್ಥಾಪಿಸಿ, ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆ ಎಂದು ಕರೆದರು. ಅದೇ ಇಂದಿನ ರಾಮನಗರ. ರೆಸಿಡೆಂಟ್ ಆಗಿದ್ದ ಜೊಸಾಯ ವೆಬ್‌ನ ನೆನಪಿಗೆ ಫ್ರೆಂಚ್ ರಾಕ್ಸ್ (ಪಾಂಡವಪುರ) ಸಮೀಪ ಎತ್ತರದ ಕಲ್ಲಿನ ಕಂಬವೊಂದನ್ನು ನಿಲ್ಲಿಸಿದರು. ಮೈಸೂರಿನಲ್ಲಿ ಕೋಟೆ ಮತ್ತು ಅರಮನೆಯನ್ನು ಮತ್ತೆ ಕಟ್ಟಿಸಿ, ಪಾಳುಬಿದ್ದಿದ್ದ ಊರನ್ನು ರಾಜಧಾನಿಯಾಗಿ ನೆಲೆಗೊಳಿಸಿದರು. ಕೆರೆ ಕಾಲುವೆಗಳ ದುರಸ್ತಿ ಮತ್ತು ಪ್ರಯಾಣಿಕರಿಗಾಗಿ ಛತ್ರಗಳ ನಿರ್ಮಾಣಕ್ಕೂ ಹಣ ವಿನಿಯೋಗಿಸಿದರು.

ಅವರ ಎಲ್ಲ ಯೋಜನೆಗಳೂ ಫಲಿಸಲಿಲ್ಲ. ಕಾವೇರಿಯ ನೀರನ್ನು ಮೈಸೂರು ನಗರಕ್ಕೆ ತರಲು ತೋಡಿಸಿದ ಕಾಲುವೆ ಉದ್ದೇಶವನ್ನು ಈಡೇರಿಸಲಿಲ್ಲ. ಅದರ ಉಳಿದ ಭಾಗ ಇಂದಿಗೂ ಪೂರ್ಣಯ್ಯ ನಾಲೆ ಎಂಬ ಹೆಸರಿನಿಂದ ಪರಿಚಿತವಾಗಿದೆ.

ಪಿರಿಯಾಪಟ್ಟಣ ಮತ್ತು ಹುಣಸೂರು ಸೀಮೆ

ಪೂರ್ಣಯ್ಯನವರ ಆಡಳಿತಕ್ಕೆ ಬಂದಾಗ ಸಂಸ್ಥಾನದ ಪಶ್ಚಿಮ ಗಡಿ ತೀವ್ರವಾಗಿ ಹಾಳಾಗಿತ್ತು. ಚೆಂಗಾಳ್ವ ಅರಸರ ನೆಲೆಯಾಗಿದ್ದ ಪಿರಿಯಾಪಟ್ಟಣ 17ನೇ ಶತಮಾನದ ನಡುಭಾಗದಲ್ಲಿ ಮೈಸೂರಿಗೆ ಸೇರಿತ್ತು. ಕೊಡಗು ಮತ್ತು ಮೈಸೂರಿನ ನಡುವಿನ ಹೋರಾಟಗಳಲ್ಲಿ ಈ ಊರು ಮತ್ತೆ ಮತ್ತೆ ಸಿಕ್ಕಿಕೊಂಡಿತು. ಜನರಲ್ ಅಬರ್‌ಕ್ರಾಂಬಿಯ ಮುಂಬಯಿ ಸೈನ್ಯ 1791ರಲ್ಲಿ ಸಮೀಪಿಸಿದಾಗ ಟಿಪ್ಪುವೇ ಅಲ್ಲಿನ ಕೋಟೆಯನ್ನು ಹಾಳುಗೆಡವಿಸಿದನು. 1799ರ ಯುದ್ಧವೂ ಇದೇ ದಾರಿಯಲ್ಲಿ ಹಾದುಹೋಯಿತು. ಮರುವರ್ಷ ಈ ಸೀಮೆಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬ್ಯೂಕನನ್, ಪಾಳುಬಿದ್ದ ಪಟ್ಟಣ ಮತ್ತು ಸುತ್ತಲಿನ ಕಾಡುಗಳನ್ನು ತನ್ನ ಪ್ರವಾಸಕಥನದಲ್ಲಿ ವಿವರಿಸಿದ್ದಾನೆ. ಬೇಸಾಯ ಬಿಟ್ಟು ಹೋದ ರೈತರನ್ನು ಮರಳಿ ಕರೆತಂದು ಕಂದಾಯ ಏಳುವಂತೆ ಮಾಡುವುದು ಇಂತಹ ಪ್ರದೇಶಗಳಲ್ಲಿ ಹೊಸ ಸರ್ಕಾರದ ಮೊದಲ ಕೆಲಸವಾಗಿತ್ತು.

ಅಮೃತಮಹಲ್ ದನಗಳ ವಿಷಯದಲ್ಲಿ ಪೂರ್ಣಯ್ಯನವರ ಆಡಳಿತದ ಸಾಧನೆ ಉತ್ತಮವಾಗಿರಲಿಲ್ಲ. ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಬೆಳೆದು ಹೈದರ್ ಮತ್ತು ಟಿಪ್ಪುವಿನ ಸೈನ್ಯಗಳ ವೇಗಕ್ಕೆ ಆಧಾರವಾಗಿದ್ದ ಈ ತಳಿಯನ್ನು 1799ರ ನಂತರ, ಕಂಪನಿಗೆ ಎತ್ತುಗಳನ್ನು ಒದಗಿಸಬೇಕೆಂಬ ಷರತ್ತಿನ ಮೇಲೆ, ಮೈಸೂರು ಸರ್ಕಾರದ ವಶಕ್ಕೆ ಬಿಡಲಾಗಿತ್ತು. ಮುಂದಿನ ಹದಿಮೂರು ವರ್ಷಗಳಲ್ಲಿ ದನಗಳ ಸಂಖ್ಯೆಯೂ ಗುಣವೂ ಕುಗ್ಗಿದವು. 1813ರಲ್ಲಿ ಕಂಪನಿಯ ಅಧಿಕಾರಿಗಳು ಅದರ ನಿರ್ವಹಣೆಯನ್ನು ತಾವೇ ವಹಿಸಿಕೊಂಡರು. ಈ ಇಲಾಖೆಗೆ ಹುಣಸೂರು ಕೇಂದ್ರಸ್ಥಾನವಾಯಿತು.

ಆಡಳಿತ ಮತ್ತು ಹಣಕಾಸು

ಪೂರ್ಣಯ್ಯನವರು ಟಿಪ್ಪುವಿನ ಕಾಲದ ಅನುಭವಿ ಅಧಿಕಾರಿಗಳಲ್ಲಿ ಅನೇಕರನ್ನು ಉಳಿಸಿಕೊಂಡರು. ಹಳೆಯ ಸೈನಿಕರಲ್ಲಿ ಹಲವರನ್ನು ಸಿಲಾದಾರ್ ಅಶ್ವದಳಕ್ಕೂ ಕಂದಾಚಾರಕ್ಕೂ ಸೇರಿಸಿಕೊಂಡು ಅವರ ಅಸಮಾಧಾನವನ್ನು ತಗ್ಗಿಸಿದರು. 1803ರ ಮರಾಠಾ ಯುದ್ಧದಲ್ಲಿ ಮೈಸೂರಿನ ಸಿಲಾದಾರ್ ಕುದುರೆ ಸವಾರರು ಆರ್ಥರ್ ವೆಲ್ಲೆಸ್ಲಿಯ ಸೈನ್ಯದೊಂದಿಗೆ ಸೇವೆ ಸಲ್ಲಿಸಿದರು. 1807ರ ಪೂರಕ ಒಪ್ಪಂದದಲ್ಲಿ ಮೈಸೂರು 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡಬೇಕೆಂದು ನಿಗದಿಯಾಯಿತು. ಭೂಮಿಯ ಅಳತೆ, ಇನಾಮುಗಳ ಪರಿಶೀಲನೆ ಮತ್ತು ಅಂಚೆಯ ವ್ಯವಸ್ಥೆಗಳೂ ಅವರ ಕಾಲದಲ್ಲಿ ನಡೆದವು. ಕಾಲಿನ್ ಮೆಕೆಂಜಿಯ ಪ್ರಸಿದ್ಧ ಮೈಸೂರು ಸರ್ವೇಕ್ಷಣೆ ಇದೇ ಅವಧಿಯದು.

ಪೊಗದಿಯನ್ನು ತಪ್ಪದೆ ಸಲ್ಲಿಸಿಯೂ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಗಿಲಾದ ಮೊತ್ತವನ್ನು ಅವರು ಕೂಡಿಟ್ಟರೆಂದು ಹತ್ತೊಂಬತ್ತನೆಯ ಶತಮಾನದ ಗೆಜೆಟಿಯರ್ ದಾಖಲಿಸುತ್ತದೆ. ಇದು ಅವರ ದಕ್ಷತೆಗೆ ಸಾಕ್ಷಿಯೆಂದು ಹೊಗಳಿದವರೂ ಇದ್ದಾರೆ. ಪ್ರಜೆಗಳ ಕೈಯಲ್ಲಿ ಉಳಿಯಬೇಕಾದ ಹಣವನ್ನು ಅತಿಯಾಗಿ ಬೊಕ್ಕಸಕ್ಕೆ ಸೆಳೆದರೆಂದು ಟೀಕಿಸಿದವರೂ ಇದ್ದಾರೆ.

1807ರ ಡಿಸೆಂಬರಿನಲ್ಲಿ ಪೂರ್ಣಯ್ಯನವರಿಗೆ ಯಳಂದೂರು ವಂಶಪಾರಂಪರ್ಯ ಜಹಗೀರಾಗಿ ದೊರೆಯಿತು.

ನಿವೃತ್ತಿ ಮತ್ತು ಮರಣ

ಮಹಾರಾಣಿ ಲಕ್ಷ್ಮಮ್ಮಣ್ಣಿಯವರು 1810ರಲ್ಲಿ ನಿಧನರಾದರು. ಆ ವೇಳೆಗೆ ಕೃಷ್ಣರಾಜ ಒಡೆಯರು ಹದಿನಾರರ ಪ್ರಾಯಕ್ಕೆ ಬಂದಿದ್ದರು. ತಾವೇ ಆಡಳಿತ ನಡೆಸಬೇಕೆಂಬ ಅಪೇಕ್ಷೆ ಅವರಲ್ಲಿ ಬೆಳೆದಿತ್ತು. ಹನ್ನೆರಡು ವರ್ಷ ಸರ್ವಾಧಿಕಾರ ನಡೆಸಿದ ದಿವಾನರಿಗೆ ಅದನ್ನು ಬಿಟ್ಟುಕೊಡುವುದು ಸುಲಭವಾಗಲಿಲ್ಲ. ಇಬ್ಬರ ನಡುವೆ ಮನಸ್ತಾಪ ಬೆಳೆದು ರೆಸಿಡೆಂಟ್ ಆರ್ಥರ್ ಕೋಲ್ ಮಧ್ಯ ಪ್ರವೇಶಿಸಬೇಕಾಯಿತು. 1811ರ ಕೊನೆಯ ವೇಳೆಗೆ ಪೂರ್ಣಯ್ಯನವರು ಅಧಿಕಾರದಿಂದ ನಿವೃತ್ತರಾಗಿ ಶ್ರೀರಂಗಪಟ್ಟಣದಲ್ಲಿ ನೆಲೆಸಿದರು. ಕೆಲವೇ ತಿಂಗಳುಗಳ ಬಳಿಕ, 1812ರ ಮಾರ್ಚ್ ತಿಂಗಳ ಕೊನೆಯಲ್ಲಿ ಅಲ್ಲಿಯೇ ನಿಧನರಾದರು.

ಕೂಡಿಟ್ಟ ಬೊಕ್ಕಸ ಮುಂದಿನ ವರ್ಷಗಳಲ್ಲಿ ಬರಿದಾಯಿತು. ಕಂದಾಯದ ಗುತ್ತಿಗೆ ಪದ್ಧತಿಯಿಂದ ಅಸಮಾಧಾನ ಹೆಚ್ಚಿ 1830ರಲ್ಲಿ ನಗರ ಸೀಮೆಯಲ್ಲಿ ರೈತರು ದಂಗೆ ಎದ್ದರು. 1831ರಲ್ಲಿ ಕಂಪನಿ ಸಂಸ್ಥಾನದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ರಾಜಕುಮಾರನಿಗೆ ಆಡಳಿತದ ತರಬೇತಿ ನೀಡದೆ ಅಧಿಕಾರವನ್ನೆಲ್ಲ ಒಬ್ಬರೇ ಹಿಡಿದಿಟ್ಟುಕೊಂಡದ್ದು ಪೂರ್ಣಯ್ಯನವರ ಆಡಳಿತದ ದೊಡ್ಡ ಕೊರತೆ ಎಂಬ ಅಭಿಪ್ರಾಯಕ್ಕೆ ಈ ಘಟನೆಗಳು ಆಧಾರವಾಗಿವೆ.

ವ್ಯಕ್ತಿತ್ವ ಮತ್ತು ಮೌಲ್ಯಮಾಪನ

ಪೂರ್ಣಯ್ಯನವರ ನಿಷ್ಠೆಯ ಪ್ರಶ್ನೆ ಇಂದಿಗೂ ಚರ್ಚೆಯಲ್ಲಿದೆ. ಟಿಪ್ಪುವಿನ ಪತನಕ್ಕೆ ಕಾರಣರಾದವರ ಸಾಲಿನಲ್ಲಿ ಅವರನ್ನೂ ಸೇರಿಸುವ ಕಥನಗಳಿವೆ. ಟಿಪ್ಪುವಿನ ಪಕ್ಷದ ಸಮಕಾಲೀನ ಇತಿಹಾಸಕಾರ ಕಿರ್ಮಾನಿ ದ್ರೋಹದ ಆರೋಪವನ್ನು ಮುಖ್ಯವಾಗಿ ಹೊರಿಸುವುದು ಮೀರ್ ಸಾದಿಕನ ಮೇಲೆ. ಫತೇಹ್ ಹೈದರನ ಪರವಾಗಿ ಪೂರ್ಣಯ್ಯನವರು ಮಾಡಿದ ಮನವಿಯೂ ಅವರು ಮೊದಲೇ ಒಡೆಯರ ಅಥವಾ ಇಂಗ್ಲಿಷರ ಪಕ್ಷ ಸೇರಿದ್ದರೆಂಬ ವಾದಕ್ಕೆ ಹೊಂದುವುದಿಲ್ಲ. ಆದರೆ ಒಡೆಯ ಮಡಿದ ಎರಡು ತಿಂಗಳೊಳಗೆ ಗೆದ್ದವರ ಕೈಯಿಂದ ಅತ್ಯುನ್ನತ ಅಧಿಕಾರವನ್ನು ಪಡೆದುದು ಅನುಮಾನಕ್ಕೆ ಎಡೆಕೊಟ್ಟಿತು. ಯುದ್ಧದಿಂದ ಹಾಳಾದ ದೇಶದಲ್ಲಿ ಆಡಳಿತದ ತಂತು ಕಡಿಯದಂತೆ ನೋಡಿಕೊಂಡರೆಂಬುದು ಅವರನ್ನು ಸಮರ್ಥಿಸುವವರ ನಿಲುವು.

ಇಂಗ್ಲಿಷ್ ಅಧಿಕಾರಿಗಳು ಅವರ ಸಾಮರ್ಥ್ಯವನ್ನು ಬಹಳವಾಗಿ ಮೆಚ್ಚಿದರು. ಭಾರತವನ್ನು ಬಿಡುವ ಮುನ್ನ, 1805ರಲ್ಲಿ, ಆರ್ಥರ್ ವೆಲ್ಲೆಸ್ಲಿ ಸ್ನೇಹದ ಗುರುತಾಗಿ ತನ್ನ ಭಾವಚಿತ್ರವನ್ನು ಅವರಿಗೆ ಕಳುಹಿಸಿಕೊಟ್ಟನು. ಪೂರ್ಣಯ್ಯನವರ ಭಾವಚಿತ್ರವನ್ನು ಐರಿಷ್ ಕಲಾವಿದ ಥಾಮಸ್ ಹಿಕಿ ರಚಿಸಿದ್ದಾನೆ. ಇಂದು ಪಠ್ಯಪುಸ್ತಕಗಳಲ್ಲಿ ಕಾಣಸಿಗುವ ಅವರ ರೂಪಕ್ಕೆ ಅದೇ ಮೂಲ.

ಸ್ಮರಣೆ

ಪೂರ್ಣಯ್ಯನವರ ವಂಶಸ್ಥರು ಯಳಂದೂರಿನ ಜಹಗೀರುದಾರರಾಗಿ ಮುಂದುವರಿದರು. ಅದೇ ವಂಶದ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಪೂರ್ಣಯ್ಯ ನಾಲೆ ಮತ್ತು ಪೂರ್ಣಯ್ಯ ಛತ್ರಗಳಲ್ಲಿ ಅವರ ಹೆಸರು ಉಳಿದಿದೆ. ಅವರು ಕಟ್ಟಿಸಿದ ಅತಿ ದೊಡ್ಡ ಕಾಮಗಾರಿಯಾದ ಕಾವೇರಿಯ ಕಲ್ಲಿನ ಸೇತುವೆ ಮಾತ್ರ ಗವರ್ನರ್ ಜನರಲ್‌ನ ಹೆಸರನ್ನೇ ಹೊತ್ತು ನಿಂತಿದೆ.